ಒಂದೇ ಮನೆ, ಎರಡು ಗಡುವು: ಬ್ರಿಟನ್ನಿನ ಕಾಯಂ ವಾಸ ಮತ್ತು ವಲಸಿಗರ ಸಂಗಾತಿ

ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸಲು ವಿದೇಶಿಯರು ಪಡೆಯಬೇಕಾದ ಅನುಮತಿಗೆ ‘ಇಂಡೆಫಿನಿಟ್ ಲೀವ್ ಟು ರಿಮೇನ್’ ಎಂದು ಹೆಸರು. ಅಲ್ಲಿನ ಭಾರತೀಯರ ಬಾಯಲ್ಲಿ ಅದು ಬರೀ ಐಎಲ್‌ಆರ್. ಇದು ಪೌರತ್ವವಲ್ಲ, ಐಎಲ್‌ಆರ್ ಸಿಕ್ಕ ಮೇಲೂ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ. ಆದರೆ ವೀಸಾ ಮುಗಿಯುವ ದಿನ ಎಂಬುದು ಅಲ್ಲಿಗೆ ಇಲ್ಲವಾಗುತ್ತದೆ. ಕೆಲಸ ಹೋದರೆ ದೇಶ ಬಿಡಬೇಕೆಂಬ ಭಯವಿಲ್ಲ, ವೀಸಾದವರ ಮೇಲೆ ಹೇರುವ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕಿಲ್ಲ, ಕಷ್ಟ ಬಂದರೆ ಸರ್ಕಾರದ ಭತ್ಯೆ ಕೇಳಬಹುದು. ಸತತ ಎರಡು ವರ್ಷಕ್ಕಿಂತ ಹೆಚ್ಚು ಕಾಲ ದೇಶದ ಹೊರಗೆ ಉಳಿದರೆ ಅದು ತಾನಾಗಿ ಬಿದ್ದುಹೋಗುತ್ತದೆ.

ಗಂಡ ಹೆಂಡತಿ ಇಬ್ಬರೂ ವಲಸೆ ಹೋದಾಗ ಈ ಅನುಮತಿ ಮನೆಗೊಂದರಂತೆ ಸಿಗುವುದಿಲ್ಲ, ತಲೆಗೊಂದರಂತೆ ಸಿಗುತ್ತದೆ. ಕೆಲಸದ ವೀಸಾ ಪಡೆದು ಹೋದವರಿಗೆ ಒಂದು ಲೆಕ್ಕ, ಅವರ ಬೆನ್ನಿಗೆ ಹೋದ ಸಂಗಾತಿಗೆ ಇನ್ನೊಂದು ಲೆಕ್ಕ. ನಿಯಮ ಬದಲಾದಾಗಲೆಲ್ಲ ಈ ಎರಡು ಲೆಕ್ಕಗಳ ನಡುವಿನ ಅಂತರವೂ ಬದಲಾಗುತ್ತದೆ. ಮನೆಯಲ್ಲಿ ಒಬ್ಬರು ಕಾಯಂ ನಿವಾಸಿ, ಇನ್ನೊಬ್ಬರು ಇನ್ನೂ ವೀಸಾದ ಮೇಲಿರುವವರು ಎಂಬ ಸ್ಥಿತಿ ಹುಟ್ಟುವುದು ಹೀಗೆ.

ಎರಡು ದಾರಿ

ಸಂಗಾತಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಬ್ರಿಟಿಷ್ ಪೌರರನ್ನೋ ಆಗಲೇ ಐಎಲ್‌ಆರ್ ಪಡೆದವರನ್ನೋ ಮದುವೆಯಾದವರದು ಮೊದಲನೆಯದು. ನಿಯಮಾವಳಿಯ ‘ಅಪೆಂಡಿಕ್ಸ್ ಎಫ್‌ಎಂ’ ಎಂಬ ಭಾಗ ಇವರಿಗೆ ಅನ್ವಯಿಸುತ್ತದೆ. ಮೊದಲು 33 ತಿಂಗಳ ವೀಸಾ, ಆಮೇಲೆ 30 ತಿಂಗಳ ವಿಸ್ತರಣೆ, ಒಟ್ಟು ಐದು ವರ್ಷ ತುಂಬಿದಾಗ ಐಎಲ್‌ಆರ್ ಅರ್ಜಿ.

ಎರಡನೆಯದು ಡಿಪೆಂಡೆಂಟ್ ದಾರಿ. ಬೆಂಗಳೂರಿನಿಂದ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ನ ಹೆಂಡತಿ, ಮಂಗಳೂರಿನಿಂದ ಹೋದ ನರ್ಸ್‌ನ ಗಂಡ ಈ ಗುಂಪಿಗೆ ಸೇರುತ್ತಾರೆ. ಇವರ ವೀಸಾ ಕೆಲಸದ ವೀಸಾಕ್ಕೆ ಅಂಟಿಕೊಂಡದ್ದು: ಮೂಲ ವೀಸಾ ಇರುವವರೆಗೆ ಇದೂ ಇರುತ್ತದೆ. ‘ಡಿಪೆಂಡೆಂಟ್’ ಎಂಬ ಹೆಸರಿದ್ದರೂ ಇವರು ದುಡಿಯಬಹುದು. ಆದರೆ ಸರ್ಕಾರದ ಭತ್ಯೆ ಇವರಿಗೂ ಇಲ್ಲ, ಮೊದಲ ದಾರಿಯವರಿಗೂ ಇಲ್ಲ.

ಎರಡು ದಾರಿಯಲ್ಲಿ ಕಳೆದ ಕಾಲವನ್ನು ಒಟ್ಟುಗೂಡಿಸುವಂತಿಲ್ಲ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಮಾತು. ಡಿಪೆಂಡೆಂಟ್ ಆಗಿ ನಾಲ್ಕು ವರ್ಷ ಇದ್ದವರು, ಗಂಡನಿಗೆ ಐಎಲ್‌ಆರ್ ಬಂತೆಂದು ಮೊದಲ ದಾರಿಗೆ ಹಾರಿದರೆ ಅವರ ಐದು ವರ್ಷದ ಎಣಿಕೆ ಒಂದರಿಂದ ಶುರುವಾಗುತ್ತದೆ. ಹಳೆಯ ನಾಲ್ಕು ವರ್ಷ ನೀರಲ್ಲಿ ಹೋಮ. ಡಿಪೆಂಡೆಂಟ್ ಆಗಿಯೇ ವೀಸಾ ವಿಸ್ತರಿಸಿಕೊಂಡು ಉಳಿದ ಒಂದು ವರ್ಷ ತುಂಬಿಸಲು ನಿಯಮದಲ್ಲಿ ಅವಕಾಶವಿದೆ; ಅದನ್ನು ತಿಳಿಯದೆ ದಾರಿ ಬದಲಿಸಿದವರಿಗೆ ಹಿಂದಿರುಗುವುದು ಸುಲಭವಲ್ಲ.

ನಿಯಮ ಬದಲಾಗುವ ಬಗೆ

ಬ್ರಿಟನ್ನಿನ ವಲಸೆ ವ್ಯವಸ್ಥೆಯ ಬುನಾದಿ 1971ರ ಇಮಿಗ್ರೇಷನ್ ಕಾಯ್ದೆ. ಅದು ಜಾರಿಗೆ ಬಂದದ್ದು 1973ರ ಜನವರಿ 1ರಂದು. ಆದರೆ ಯಾರು ಎಷ್ಟು ವರ್ಷ ಇರಬೇಕು, ಎಷ್ಟು ಆದಾಯ ತೋರಿಸಬೇಕು ಎಂಬುದೆಲ್ಲ ಕಾಯ್ದೆಯಲ್ಲಿಲ್ಲ. ಗೃಹ ಸಚಿವರು ಹೊರಡಿಸುವ ‘ಇಮಿಗ್ರೇಷನ್ ರೂಲ್ಸ್’ನಲ್ಲಿದೆ. ಇವನ್ನು ಬದಲಿಸಲು ಹೊಸ ಮಸೂದೆ ಬೇಕಿಲ್ಲ. ಬದಲಾವಣೆಯ ಪತ್ರವನ್ನು ಸಂಸತ್ತಿನ ಮುಂದಿಟ್ಟರೆ ಸಾಕು. 40 ದಿನದೊಳಗೆ ಯಾವುದಾದರೂ ಒಂದು ಸದನ ತಿರಸ್ಕರಿಸದಿದ್ದರೆ ಅದು ಊರ್ಜಿತವಾಗಿ ಉಳಿಯುತ್ತದೆ. ಹೀಗೆ ವರ್ಷಕ್ಕೆ ಹಲವು ಬಾರಿ ತಿದ್ದುತ್ತ ಬಂದು, 1973ರಲ್ಲಿ ಸುಮಾರು 40 ಪುಟವಿದ್ದ ನಿಯಮಾವಳಿ 2020ರ ಹೊತ್ತಿಗೆ 1,100 ಪುಟ ದಾಟಿತ್ತು. ಇದನ್ನು ಸರಳಗೊಳಿಸಬೇಕೆಂದು ಆ ದೇಶದ ಲಾ ಕಮಿಷನ್ನೇ 2020ರಲ್ಲಿ ವರದಿ ಕೊಟ್ಟಿತು.

ನಿಯಮ ಬದಲಾದರೆ ಆಗಲೇ ದೇಶದೊಳಗೆ ಇರುವವರ ಗತಿಯೇನು? ಈ ಪ್ರಶ್ನೆಗೆ 2009ರಲ್ಲಿ, ಆಗ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಖಚಿತ ಉತ್ತರ ಕೊಟ್ಟಿತು. ನೈಜೀರಿಯದಲ್ಲಿ ಓದಿದ ಒಬ್ಬ ವೈದ್ಯೆ 2006ರ ಜನವರಿಯಲ್ಲಿ, ಅಂದಿನ ನಿಯಮದಂತೆ ದೇಶದಲ್ಲಿ ಉಳಿಯಲು ಅರ್ಜಿ ಹಾಕಿದ್ದರು. ಅದು ಕಚೇರಿಯಲ್ಲಿ ಇರುವಾಗಲೇ ಏಪ್ರಿಲ್ 3ರಂದು ನಿಯಮ ಬದಲಾಯಿತು, ಬ್ರಿಟನ್ನಿನ ವೈದ್ಯಕೀಯ ಪದವಿಯೇ ಬೇಕೆಂದಾಯಿತು, ಅರ್ಜಿ ತಿರಸ್ಕೃತವಾಯಿತು. ಅರ್ಜಿ ಹಾಕಿದ ದಿನದ ನಿಯಮವಲ್ಲ, ತೀರ್ಮಾನ ಕೊಟ್ಟ ದಿನದ ನಿಯಮವೇ ಲೆಕ್ಕ ಎಂದು ಲಾರ್ಡ್ಸ್ ಹೇಳಿದರು. ಹೊಸ ನಿಯಮವೇ ‘ಹಳಬರಿಗೆ ಹಳೆಯದೇ ಇರಲಿ’ ಎಂದು ಬರೆದಿದ್ದರೆ ಮಾತ್ರ ಬಿಡುಗಡೆ.

ಆದ್ದರಿಂದ ವಲಸಿಗರ ಸಂಗಾತಿಯ ಪಾಲಿಗೆ ನಿಯಮದ ಮುಖ್ಯ ಭಾಗಕ್ಕಿಂತ ಅದರ ಕೊನೆಯಲ್ಲಿ ಬರುವ ಈ ಒಂದೆರಡು ಸಾಲೇ ದೊಡ್ಡದು. ಅದನ್ನು ಪರಿವರ್ತನಾ ಕಾಲದ ಷರತ್ತು ಎನ್ನಬಹುದು. ಯಾವ ತಾರೀಖಿನ ಮೊದಲು ಬಂದವರು ಹಳಬರು, ಯಾವ ತಾರೀಖಿನ ಮೇಲೆ ಬಂದವರು ಹೊಸಬರು ಎಂಬ ಗೆರೆಯನ್ನು ಎಳೆಯುವುದು ಅದು.

ಮದುವೆಯ ಮೇಲಿನ ಸಂಶಯ

ಸಂಗಾತಿಯ ಕುರಿತ ನಿಯಮಗಳ ಇತಿಹಾಸ ಬಹುಮಟ್ಟಿಗೆ ಸಂಶಯದ ಇತಿಹಾಸ. 1970ರ ದಶಕದಲ್ಲಿ ಹೆಂಡತಿಯಾಗಿ ಬರುವವರಿಗೆ ಊರಿನಲ್ಲೇ ಮುಂಗಡ ಅನುಮತಿ ಬೇಕಿತ್ತು. ಬಂದು ಮದುವೆಯಾಗುವ ವಧುವಿಗೆ ಬೇಕಿರಲಿಲ್ಲ. ಈ ಎರಡರ ನಡುವೆ ವ್ಯತ್ಯಾಸ ಪತ್ತೆ ಹಚ್ಚುವ ನೆಪದಲ್ಲಿ 1979ರ ಜನವರಿಯಲ್ಲಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಭಾರತದ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎರಡೂ ದೇಶಗಳಲ್ಲಿ ಕೋಲಾಹಲವಾಗಿ ಆ ಪರೀಕ್ಷೆಗೆ ತೆರೆ ಬಿತ್ತು.

ಆಗ ಗಂಡ ಮತ್ತು ಹೆಂಡತಿಗೆ ಬೇರೆ ಬೇರೆ ಅಳತೆಯಿತ್ತು. ಬ್ರಿಟನ್ನಿನಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಿಕೊಳ್ಳುವುದು ಸಲೀಸು, ಹೆಂಗಸು ಗಂಡನನ್ನು ಕರೆಸಿಕೊಳ್ಳುವುದು ಕಷ್ಟ. ಮೂವರು ಮಹಿಳೆಯರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ, 1985ರ ಮೇ 28ರಂದು ಇದು ಲಿಂಗ ತಾರತಮ್ಯ ಎಂಬ ತೀರ್ಪು ಪಡೆದರು. ಸರ್ಕಾರ ತಾರತಮ್ಯವನ್ನು ತೆಗೆದ ರೀತಿ ಮಾತ್ರ ಅವರು ಬಯಸಿದ್ದಲ್ಲ: ಗಂಡಂದಿರ ದಾರಿಯನ್ನು ಹಗುರ ಮಾಡುವ ಬದಲು ಅದೇ ಕಟ್ಟುಪಾಡನ್ನು ಹೆಂಡಿರ ಮೇಲೂ ಹೇರಿತು.

ಆ ಕಟ್ಟುಪಾಡುಗಳಲ್ಲಿ ಕುಖ್ಯಾತವಾದದ್ದು ‘ಪ್ರೈಮರಿ ಪರ್ಪಸ್’ ನಿಯಮ. ಬ್ರಿಟನ್ನಿಗೆ ಬರುವುದೇ ಮದುವೆಯ ಮುಖ್ಯ ಉದ್ದೇಶವಲ್ಲ ಎಂದು ಅರ್ಜಿದಾರರೇ ಸಾಬೀತು ಮಾಡಬೇಕಿತ್ತು. ಹಿರಿಯರು ನೋಡಿ ನಿಶ್ಚಯಿಸಿದ ಮದುವೆಯಲ್ಲಿ ‘ಇಲ್ಲ’ ಎಂಬುದಕ್ಕೆ ಸಾಕ್ಷಿ ತರುವುದೆಲ್ಲಿಂದ? ಭಾರತ ಉಪಖಂಡದ ಸಾವಿರಾರು ದಂಪತಿಗಳನ್ನು ಕಾಡಿದ ಈ ನಿಯಮವನ್ನು ಹೊಸದಾಗಿ ಗೆದ್ದು ಬಂದ ಲೇಬರ್ ಸರ್ಕಾರ 1997ರ ಜೂನ್‌ನಲ್ಲಿ ಕೈಬಿಟ್ಟಿತು.

ಉದ್ದೇಶವನ್ನು ತೂಗುವುದು ಬಿಟ್ಟ ಮೇಲೆ ಕಾಲವನ್ನು ಎಳೆಯುವುದು ಆರಂಭವಾಯಿತು. ಮದುವೆಯಾಗಿ ಬಂದವರು ಒಂದು ವರ್ಷ ಕಳೆದರೆ ಕಾಯಂ ಆಗಬಹುದಿತ್ತು. 2003ರಲ್ಲಿ ಅದು ಎರಡು ವರ್ಷವಾಯಿತು. 2012ರ ಜುಲೈ 9ರಂದು ಐದು ವರ್ಷವಾಯಿತು. ಜುಲೈ 9ಕ್ಕೆ ಮುನ್ನ ವೀಸಾ ಪಡೆದವರಿಗೆ ಎರಡು ವರ್ಷವೇ ಉಳಿಯಿತು. ವಾರದ ಅಂತರದಲ್ಲಿ ವೀಸಾ ಪಡೆದ ಇಬ್ಬರ ನಡುವೆ ಮೂರು ವರ್ಷದ ವ್ಯತ್ಯಾಸ ಬಂದದ್ದು ಹೀಗೆ.

ಒಟ್ಟಿಗೆ ಬಾಳಿದ್ದಕ್ಕೆ ಕಾಗದದ ಸಾಕ್ಷಿಯೂ ಬೇಕು. ಹಿಂದಿನ ಎರಡು ವರ್ಷಗಳಲ್ಲಿ ಮನೆ ವಿಳಾಸಕ್ಕೆ ಬಂದ ಆರು ಪತ್ರಗಳನ್ನು, ಕನಿಷ್ಠ ಮೂರು ಬೇರೆ ಬೇರೆ ಮೂಲಗಳಿಂದ, ತೋರಿಸುವಂತೆ ಅರ್ಜಿ ಕೇಳುತ್ತದೆ: ಗ್ಯಾಸ್ ಬಿಲ್, ಕೌನ್ಸಿಲ್ ಟ್ಯಾಕ್ಸ್ ಚೀಟಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಆಸ್ಪತ್ರೆಯ ಪತ್ರ. ಬಾಡಿಗೆ ಕರಾರು, ಕರೆಂಟು ಬಿಲ್ಲು ಎಲ್ಲವೂ ಗಂಡನ ಹೆಸರಿನಲ್ಲೇ ಇರುವ ಮನೆಯಲ್ಲಿ ಹೆಂಡತಿ ಕಾಗದದ ಮೇಲೆ ಇಲ್ಲದವಳಂತೆಯೇ. ಆದ್ದರಿಂದ ಮನೆಗೆ ಕಾಲಿಟ್ಟ ತಿಂಗಳಲ್ಲೇ ಒಂದೆರಡು ಬಿಲ್ಲಿಗೆ ಇಬ್ಬರ ಹೆಸರನ್ನೂ ಸೇರಿಸುವುದು ಅಲ್ಲಿನ ವಲಸಿಗರಲ್ಲಿ ರೂಢಿಯಾಗಿದೆ. ಮದುವೆಯ ಫೋಟೋ, ಲಗ್ನಪತ್ರಿಕೆ ಪೂರಕ ಮಾತ್ರ. ಕರ್ನಾಟಕದಲ್ಲಿ ಮದುವೆಯಾದವರಿಗೆ 1976ರ ರಾಜ್ಯ ಕಾಯ್ದೆಯಡಿ ಸಿಗುವ ವಿವಾಹ ನೋಂದಣಿ ಪ್ರಮಾಣಪತ್ರವೇ ಮುಖ್ಯ ದಾಖಲೆ.

ಆದಾಯದ ಗೆರೆ

2012ರ ಜುಲೈ 9ರ ನಿಯಮ ಇನ್ನೊಂದು ಗೋಡೆಯನ್ನೂ ಕಟ್ಟಿತು. ವಿದೇಶದ ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯವಿರಬೇಕು ಎಂದಿತು. ವಲಸೆ ನಿಯಮಕ್ಕೆ ಒಳಪಟ್ಟ ಒಂದು ಮಗುವಿದ್ದರೆ 22,400 ಪೌಂಡ್. ಆಮೇಲಿನ ಪ್ರತಿ ಮಗುವಿಗೂ 2,400 ಪೌಂಡ್ ಹೆಚ್ಚು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ತಾತ್ವಿಕವಾಗಿ ಕಾನೂನುಬದ್ಧವೇ ಎಂದಿತು. ಮಕ್ಕಳ ಹಿತವನ್ನು ನಿಯಮ ಸರಿಯಾಗಿ ಗಣಿಸಿಲ್ಲ ಎಂದೂ ಹೇಳಿತು. ಅದರಂತೆ ನಿಯಮದಲ್ಲಿ ತಿದ್ದುಪಡಿಯಾಯಿತು.

2024ರ ಏಪ್ರಿಲ್ 11ರಂದು ಗೆರೆ ಒಮ್ಮೆಲೇ 29,000 ಪೌಂಡಿಗೆ ಜಿಗಿಯಿತು. ಮಕ್ಕಳಿಗಾಗಿ ಸೇರಿಸುತ್ತಿದ್ದ ಮೊತ್ತ ಹೋಯಿತು. ಮುಂದೆ ಇದನ್ನು 38,700ಕ್ಕೆ ಏರಿಸುವ ಯೋಜನೆ ಇತ್ತಾದರೂ ಆ ವರ್ಷ ಸರ್ಕಾರ ಬದಲಾಗಿ ಅದು ನಿಂತಿತು. ವಲಸೆ ಸಲಹಾ ಸಮಿತಿ 2025ರ ಜೂನ್‌ನಲ್ಲಿ ಕೊಟ್ಟ ವರದಿ, ಕೆಲಸದ ವೀಸಾಕ್ಕೆ ಬೇಕಾದ ಸಂಬಳದ ಮಟ್ಟಕ್ಕೆ ಕುಟುಂಬದ ಗೆರೆಯನ್ನು ಏರಿಸುವುದು ಬೇಡ ಎಂದಿತು. 2024ರ ಏಪ್ರಿಲ್ 11ಕ್ಕೆ ಮುನ್ನ ಈ ದಾರಿಯಲ್ಲಿ ಹೆಜ್ಜೆಯಿಟ್ಟವರಿಗೆ, ಅದೇ ಸಂಗಾತಿಯೊಂದಿಗೆ ಮುಂದುವರಿಯುವಷ್ಟು ಕಾಲ, ಹಳೆಯ 18,600 ಪೌಂಡೇ ಅನ್ವಯ.

ಗೆರೆಯ ಎತ್ತರದಷ್ಟೇ ಮುಖ್ಯವಾದದ್ದು ಯಾರ ಆದಾಯ ಎಣಿಕೆಗೆ ಬರುತ್ತದೆ ಎಂಬುದು. ಮೊದಲ ವೀಸಾ ಕೇಳುವಾಗ ಕರೆಸಿಕೊಳ್ಳುವವರ ದುಡಿಮೆ ಮಾತ್ರ ಲೆಕ್ಕಕ್ಕೆ. ಬೆಂಗಳೂರಿನಲ್ಲಿ ತಿಂಗಳಿಗೆ ಎರಡು ಲಕ್ಷ ರೂಪಾಯಿ ಸಂಬಳ ತರುವ ಹೆಂಡತಿಯ ಪೇಸ್ಲಿಪ್‌ಗೆ ಅಲ್ಲಿ ಬೆಲೆಯಿಲ್ಲ. ಲೆಸ್ಟರ್‌ನ ಅಂಗಡಿಯಲ್ಲಿ ದುಡಿಯುವ ಗಂಡನ ಸಂಬಳವೇ ಗೆರೆ ಮುಟ್ಟಬೇಕು. ಬ್ರಿಟನ್ನಿಗೆ ಬಂದು ಕೆಲಸ ಹಿಡಿದ ಮೇಲೆ, ವಿಸ್ತರಣೆಯ ಹೊತ್ತಿಗೆ, ಇಬ್ಬರ ಸಂಬಳವೂ ಕೂಡುತ್ತದೆ. ಸಂಬಳ ಸಾಲದಿದ್ದರೆ ಉಳಿತಾಯ ತೋರಿಸಬಹುದು. ಆದರೆ ಮೊದಲ 16,000 ಪೌಂಡ್ ಲೆಕ್ಕಕ್ಕಿಲ್ಲ, ಅದರ ಮೇಲಿನ ಮೊತ್ತವನ್ನು ಎರಡೂವರೆಯಿಂದ ಭಾಗಿಸುತ್ತಾರೆ. ಆದಾಯವೇ ಇಲ್ಲದವರಿಗೆ ಹಿಂದೆ 62,500 ಪೌಂಡ್ ಉಳಿತಾಯ ಸಾಕಿತ್ತು. 29,000ದ ಗೆರೆಯಲ್ಲಿ ಅದು 88,500 ಪೌಂಡ್ ಆಯಿತು.

ಡಿಪೆಂಡೆಂಟ್‌ನ ಗಡಿಯಾರ

ಎರಡನೆಯ ದಾರಿಯ ಕಥೆ ಇನ್ನಷ್ಟು ಸಿಕ್ಕುಸಿಕ್ಕು. ಇಲ್ಲಿ ಸಂಗಾತಿ ಕಾಯಂ ಆಗಬೇಕಾದರೆ ಕೆಲಸದ ವೀಸಾದವರು ಮೊದಲು ಆಗಿರಬೇಕು, ಇಲ್ಲವೇ ಜೊತೆಗೇ ಆಗಬೇಕು. ಆದ್ದರಿಂದ ಅವರ ನಿಯಮ ಬದಲಾದರೂ ಸಂಗಾತಿಗೆ ತಟ್ಟುತ್ತದೆ, ತನ್ನದೇ ನಿಯಮ ಬದಲಾದರೂ ತಟ್ಟುತ್ತದೆ.

ಮೊದಲ ಬಗೆಯ ಏಟಿಗೆ ಉದಾಹರಣೆ ‘ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪ್ರೋಗ್ರಾಂ’. 2002ರಲ್ಲಿ ಆರಂಭವಾದ ಈ ಯೋಜನೆಯಡಿ ಭಾರತದ ಅನೇಕ ಎಂಜಿನಿಯರುಗಳು, ವೈದ್ಯರು ಕೆಲಸ ಬಿಟ್ಟು, ಮನೆ ಮಾರಿ, ಸಂಸಾರ ಸಮೇತ ಹೋದರು. ನಾಲ್ಕು ವರ್ಷಕ್ಕೆ ಕಾಯಂ ಎಂದಿದ್ದ ನಿಯಮ 2006ರ ಏಪ್ರಿಲ್ 3ರಂದು ಐದು ವರ್ಷವಾಯಿತು. ಆ ನವೆಂಬರ್‌ನಲ್ಲಿ ವೀಸಾ ವಿಸ್ತರಣೆಯ ಅಂಕಪದ್ಧತಿಯೂ ಬದಲಾಗಿ, ಆಗಲೇ ಅಲ್ಲಿದ್ದವರಲ್ಲಿ ಹಲವರು ಅನರ್ಹರಾದರು. ವಲಸಿಗರ ಸಂಘಟನೆಯಾದ ಎಚ್‌ಎಸ್‌ಎಂಪಿ ಫೋರಂ ಹೈಕೋರ್ಟಿಗೆ ಹೋಯಿತು. 2008ರ ಏಪ್ರಿಲ್‌ನಲ್ಲಿ ಅಂಕಪದ್ಧತಿಯ ವಿಷಯದಲ್ಲೂ, 2009ರ ಏಪ್ರಿಲ್‌ನಲ್ಲಿ ನಾಲ್ಕು ವರ್ಷದ ವಿಷಯದಲ್ಲೂ ಫೋರಂ ಗೆದ್ದಿತು. ಯೋಜನೆಗೆ ಸೇರಿದವರಿಗೆ ಮುಂದೆ ತೊಂದರೆಯಾಗದು ಎಂದು ಸರ್ಕಾರವೇ ಮಾರ್ಗದರ್ಶಿಯಲ್ಲಿ ಬರೆದುಕೊಟ್ಟಿತ್ತು. ಕೊಟ್ಟ ಮಾತು ತಪ್ಪುವಂತಿಲ್ಲ ಎಂಬುದು ತೀರ್ಪಿನ ತಿರುಳು. ನೈಜೀರಿಯದ ವೈದ್ಯೆಯ ಸೋಲಿಗೂ ಈ ಗೆಲುವಿಗೂ ವ್ಯತ್ಯಾಸ ಇಷ್ಟೇ: ಅಲ್ಲಿ ಅಂಥ ಮಾತು ಕೊಟ್ಟಿರಲಿಲ್ಲ.

ಕರ್ನಾಟಕದ ಐಟಿ ನೌಕರರಿಗೆ ಹೆಚ್ಚು ತಟ್ಟಿದ್ದು 2010ರ ಬದಲಾವಣೆ. ಕಂಪನಿಯೇ ತನ್ನ ನೌಕರರನ್ನು ಬೆಂಗಳೂರಿನಿಂದ ಲಂಡನ್ನಿಗೆ ಕಳಿಸುವ ‘ಇಂಟ್ರಾ ಕಂಪನಿ ಟ್ರಾನ್ಸ್‌ಫರ್’ ವೀಸಾ ಅಲ್ಲಿಯವರೆಗೆ ಕಾಯಂ ವಾಸಕ್ಕೆ ದಾರಿಯಾಗಿತ್ತು. ಆ ವರ್ಷದ ಏಪ್ರಿಲ್ 6ರ ನಂತರ ಆ ದಾರಿಗೆ ಬಂದವರಿಗೆ ಅದು ಮುಚ್ಚಿತು. ಮುಂದೆ ಬೇರೆ ವೀಸಾಕ್ಕೆ ಬದಲಾದ ದಿನದಿಂದಷ್ಟೇ ಅವರ ಐದು ವರ್ಷದ ಎಣಿಕೆ. ಅವರು ಮುಟ್ಟುವವರೆಗೆ ಸಂಗಾತಿಯೂ ಕಾಯಬೇಕು.

ಸಂಗಾತಿಯ ಸ್ವಂತ ಲೆಕ್ಕ ಬಿಗಿಯಾದದ್ದು ಎರಡು ಕಂತಿನಲ್ಲಿ. 2012ರ ಜುಲೈ 9ಕ್ಕೆ ಮುನ್ನ ಈ ದಾರಿಗೆ ಬಂದವರಿಗೆ ಎರಡು ವರ್ಷ ಜೊತೆಯಾಗಿ ಬಾಳಿದ್ದರೆ ಸಾಕಿತ್ತು. ಗಂಡ ಮೂರು ವರ್ಷ ಮೊದಲೇ ಹೋಗಿದ್ದರೂ ಇಬ್ಬರೂ ಒಂದೇ ದಿನ ಐಎಲ್‌ಆರ್ ಪಡೆಯಬಹುದಿತ್ತು. ಆಮೇಲೆ ಬಂದವರು ತಮ್ಮದೇ ಐದು ವರ್ಷ ತುಂಬಿಸಬೇಕಾಯಿತು. ಮದುವೆಗೆಂದು ಊರಿಗೆ ಬಂದು, ಹೆಂಡತಿಯನ್ನು ಕರೆದೊಯ್ದ ಎಂಜಿನಿಯರ್‌ನ ಮನೆಯಲ್ಲಿ ಎರಡು ಗಡುವುಗಳು ಬೇರೆಯಾದದ್ದು ಅಂದಿನಿಂದ.

ಎರಡನೆಯ ಕಂತು 2018ರ ಜನವರಿ 11ರದು. ಯಾವುದೇ 12 ತಿಂಗಳ ಅವಧಿಯಲ್ಲಿ 180 ದಿನಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗಿರಬಾರದು ಎಂಬ ನಿಯಮ ಅದುವರೆಗೆ ಕೆಲಸದ ವೀಸಾದವರಿಗೆ ಮಾತ್ರ ಇತ್ತು. ಅಂದಿನಿಂದ ಅದು ಡಿಪೆಂಡೆಂಟ್ ಸಂಗಾತಿಗೂ ಬಂತು. ಅದಕ್ಕೆ ಮುನ್ನ ಪಡೆದ ವೀಸಾದ ಅವಧಿಯಲ್ಲಿ ಹೊರಗಿದ್ದ ದಿನಗಳನ್ನು ಹಿಡಿಯುವುದಿಲ್ಲ ಎಂಬ ರಿಯಾಯಿತಿ ಸಿಕ್ಕಿತು.

ಈ ನಿಯಮ ಸಂಸಾರದೊಳಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಬಾಣಂತನದ ಲೆಕ್ಕವೊಂದನ್ನು ನೋಡಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಕರ್ನಾಟಕದ ಮನೆಮನೆಯ ಪದ್ಧತಿ. ಡಿಪೆಂಡೆಂಟ್ ವೀಸಾದ ಮೇಲಿರುವ ಹೆಂಡತಿ ಅಕ್ಟೋಬರ್ 10ರಂದು ಲಂಡನ್ನಿನಿಂದ ಹೊರಟು, ಜನವರಿಯಲ್ಲಿ ಹೆತ್ತು, ಮೂರು ತಿಂಗಳ ಬಾಣಂತನ ಮುಗಿಸಿ ಮೇ 5ರಂದು ಮರಳುತ್ತಾಳೆ ಎನ್ನೋಣ. ಹೊರಟ ದಿನ, ತಲುಪಿದ ದಿನ ಎಣಿಕೆಗಿಲ್ಲ. ಅಕ್ಟೋಬರ್‌ನ 21, ನವೆಂಬರ್‌ನ 30, ಡಿಸೆಂಬರ್ ಮತ್ತು ಜನವರಿಯ 31ರಂತೆ 62, ಫೆಬ್ರವರಿಯ 28, ಮಾರ್ಚ್‌ನ 31, ಏಪ್ರಿಲ್‌ನ 30, ಮೇ ತಿಂಗಳ 4. ಒಟ್ಟು 206 ದಿನ. ಮಿತಿಗಿಂತ 26 ದಿನ ಹೆಚ್ಚು. ಪ್ರಾಣಾಪಾಯದ ಕಾಯಿಲೆ, ಹತ್ತಿರದವರ ಸಾವು, ಮಹಾಮಾರಿ, ಯುದ್ಧದಂಥ ಕಾರಣಗಳಿಗೆ ವಿನಾಯಿತಿಯುಂಟು. ತವರಿನ ಬಾಣಂತನ ಆ ಪಟ್ಟಿಯಲ್ಲಿಲ್ಲ. ಏಪ್ರಿಲ್ 8ರಂದು ಬಂದಿಳಿದಿದ್ದರೆ ಎಣಿಕೆ 179ಕ್ಕೆ ನಿಲ್ಲುತ್ತಿತ್ತು, ಅವಳ ಐದು ವರ್ಷವೂ ಮುರಿಯುತ್ತಿರಲಿಲ್ಲ. ಇದೇ ಹೆಂಡತಿ ಮೊದಲ ದಾರಿಯಲ್ಲಿ, ಅಂದರೆ ಬ್ರಿಟಿಷ್ ಪೌರನ ಸಂಗಾತಿಯಾಗಿ ಇದ್ದಿದ್ದರೆ 180 ದಿನದ ಮಿತಿಯೇ ಇರುತ್ತಿರಲಿಲ್ಲ.

ಒಬ್ಬರ ಗಡಿಯಾರ ಹಿಂದೆ ಬಿದ್ದರೆ ಮಕ್ಕಳದೂ ಬೀಳುತ್ತದೆ. ಡಿಪೆಂಡೆಂಟ್ ಮಗುವಿಗೆ ಐಎಲ್‌ಆರ್ ಸಿಗಬೇಕಾದರೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ಕಾಯಂ ಆಗಿರಬೇಕು ಅಥವಾ ಜೊತೆಗೇ ಆಗಬೇಕು. ಆದರೆ ಇಬ್ಬರಲ್ಲಿ ಒಬ್ಬರು ಕಾಯಂ ಆದ ಮೇಲೆ ಬ್ರಿಟನ್ನಿನಲ್ಲೇ ಹುಟ್ಟಿದ ಮಗು 1981ರ ರಾಷ್ಟ್ರೀಯತಾ ಕಾಯ್ದೆಯಂತೆ ಹುಟ್ಟಿನಿಂದಲೇ ಬ್ರಿಟಿಷ್ ಪೌರ. ಒಂದೇ ಮನೆಯ ಅಕ್ಕನೂ ಅಮ್ಮನೂ ಡಿಪೆಂಡೆಂಟ್ ವೀಸಾದ ಮೇಲೆ, ತಮ್ಮ ಪೌರ, ಅಪ್ಪ ಕಾಯಂ ನಿವಾಸಿ ಎಂಬ ಮೂರು ಸ್ಥಿತಿಗಳು ಹೀಗೆ ಒಟ್ಟಿಗೆ ಇರಬಲ್ಲವು.

ಇತ್ತೀಚಿನ ವರ್ಷಗಳಲ್ಲಿ ಕೆಲವರಿಗೆ ಡಿಪೆಂಡೆಂಟ್ ದಾರಿಯೇ ಇಲ್ಲವಾಗಿದೆ. 2024ರ ಜನವರಿ 1ರಿಂದ, ಸಂಶೋಧನಾ ಪದವಿಯಂಥ ಕೆಲವು ಕೋರ್ಸು ಬಿಟ್ಟು, ವಿದ್ಯಾರ್ಥಿಗಳು ಸಂಗಾತಿಯನ್ನು ಕರೆತರುವಂತಿಲ್ಲ. ಅದೇ ವರ್ಷದ ಮಾರ್ಚ್ 11ರಿಂದ ಹೊಸದಾಗಿ ಬರುವ ಕೇರ್ ವರ್ಕರ್‌ಗಳಿಗೂ ಆ ಅವಕಾಶ ಹೋಯಿತು. ಅದಕ್ಕೆ ಮೊದಲೇ ಆ ವೀಸಾದಲ್ಲಿದ್ದವರಿಗೆ ಉಳಿಯಿತು.

ಭಾಷೆ ಮತ್ತು ಪರೀಕ್ಷೆ

ಮೊದಲ ದಾರಿಯಲ್ಲಿ ಇಂಗ್ಲಿಷಿನ ಮೆಟ್ಟಿಲು ಮೂರು. 2010ರ ನವೆಂಬರ್ 29ರಿಂದ, ವೀಸಾ ಕೇಳುವಾಗಲೇ ಎ1 ಮಟ್ಟದ ಮಾತಿನ ಪರೀಕ್ಷೆ ಪಾಸಾಗಿರಬೇಕು. 2017ರ ಮೇ 1ರಿಂದ, ವಿಸ್ತರಣೆಯ ಹೊತ್ತಿಗೆ ಎ2 ಬೇಕು. 2013ರ ಅಕ್ಟೋಬರ್ 28ರಿಂದ, ಐಎಲ್‌ಆರ್ ಕೇಳುವಾಗ ಬಿ1 ಬೇಕು. ಇಂಗ್ಲಿಷಿನಲ್ಲಿ ಪಾಠ ನಡೆದ ಪದವಿ ಇದ್ದವರು ಅದನ್ನು ಬ್ರಿಟನ್ನಿನ ‘ಎಕ್ಟಿಸ್’ ಸಂಸ್ಥೆಯಿಂದ ದೃಢಪಡಿಸಿಕೊಂಡರೆ ಪರೀಕ್ಷೆ ಬರೆಯಬೇಕಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಪದವೀಧರರಿಗೆ ಅನುಕೂಲವಾಗುವುದು ಇದೇ. ಕನ್ನಡ ಮಾಧ್ಯಮದಲ್ಲಿ ಓದಿ ಮದುವೆಯಾದವರಿಗೆ ಮೂರೂ ಮೆಟ್ಟಿಲು ಹತ್ತುವುದು ಅನಿವಾರ್ಯ.

ಇದರ ಮೇಲೆ ‘ಲೈಫ್ ಇನ್ ದ ಯುಕೆ’ ಪರೀಕ್ಷೆ. 2007ರ ಏಪ್ರಿಲ್‌ನಿಂದ ಕಾಯಂ ವಾಸಕ್ಕೆ ಇದು ಕಡ್ಡಾಯ. ಬ್ರಿಟನ್ನಿನ ಇತಿಹಾಸ, ಆಡಳಿತ, ಸಂಸ್ಕೃತಿಯ ಮೇಲೆ 24 ಪ್ರಶ್ನೆ, 45 ನಿಮಿಷ. 18 ಸರಿಯಿದ್ದರೆ ಪಾಸು. ಯಾವ ಭಾಷಾ ಪರೀಕ್ಷೆಯೂ ಇಲ್ಲದೆ ಡಿಪೆಂಡೆಂಟ್ ಆಗಿ ಬಂದು, ಐದು ವರ್ಷ ಮನೆ ಮಕ್ಕಳನ್ನು ನೋಡಿಕೊಂಡವರಿಗೆ ಕೊನೆಗೆ ಇಂಗ್ಲಿಷಿನದೂ ಇದೂ ಎರಡೂ ಪರೀಕ್ಷೆಗಳು ಒಮ್ಮೆಲೇ ಎದುರಾಗುತ್ತಿದ್ದವು. ಅವುಗಳಲ್ಲಿ ತಡವಾದರೆ, ವರ್ಷ ತುಂಬಿದ್ದರೂ ಅರ್ಜಿ ನಿಲ್ಲುತ್ತದೆ.

ಖರ್ಚಿನ ಲೆಕ್ಕ

ನಿಯಮದಂತೆ ಶುಲ್ಕವೂ ಏರುತ್ತ ಬಂದಿದೆ. 2007ರಲ್ಲಿ ಐಎಲ್‌ಆರ್ ಶುಲ್ಕ 750 ಪೌಂಡ್. 2025ರ ಏಪ್ರಿಲ್‌ನಲ್ಲಿ 3,029 ಪೌಂಡ್. 2015ರಲ್ಲಿ ವರ್ಷಕ್ಕೆ 200 ಪೌಂಡಿನಿಂದ ಆರಂಭವಾದ ಆರೋಗ್ಯ ಸರ್‌ಚಾರ್ಜ್ 2024ರ ಫೆಬ್ರವರಿ 6ರಂದು 1,035 ಪೌಂಡ್ ಮುಟ್ಟಿತು. ಮೊದಲ ದಾರಿಯಲ್ಲಿ ಒಬ್ಬ ಸಂಗಾತಿಯ ಐದು ವರ್ಷದ ಖರ್ಚನ್ನು 2025ರ ದರದಲ್ಲಿ ಕೂಡಿದರೆ: ವೀಸಾಕ್ಕೆ 1,938, ಅದರ ಜೊತೆ ಸರ್‌ಚಾರ್ಜ್ 3,105, ವಿಸ್ತರಣೆಗೆ 1,321, ಅದರ ಸರ್‌ಚಾರ್ಜ್ 2,587 ಪೌಂಡ್ 50 ಪೆನ್ಸ್, ಐಎಲ್‌ಆರ್‌ಗೆ 3,029, ‘ಲೈಫ್ ಇನ್ ದ ಯುಕೆ’ ಪರೀಕ್ಷೆಗೆ 50. ಒಟ್ಟು 12,000 ಪೌಂಡಿಗೆ ಸ್ವಲ್ಪ ಮೇಲೆ. ಇಂಗ್ಲಿಷ್ ಪರೀಕ್ಷೆ, ಕ್ಷಯ ತಪಾಸಣೆ, ವಕೀಲರ ಫೀಸು ಇದರಲ್ಲಿ ಸೇರಿಲ್ಲ. ಕಾಯಬೇಕಾದ ವರ್ಷ ಹೆಚ್ಚಾದಾಗಲೆಲ್ಲ ವಿಸ್ತರಣೆಯ ಕಂತೂ ಸರ್‌ಚಾರ್ಜೂ ಹೆಚ್ಚುತ್ತವೆ.

ಸಂಸಾರ ಮುರಿದರೆ

ಸಂಗಾತಿಯ ವೀಸಾ ನಿಂತಿರುವುದು ಸಂಬಂಧದ ಮೇಲೆ. ಕಾಯುವ ಅವಧಿ ಉದ್ದವಾದಷ್ಟೂ ಹಿಂಸೆ ಸಹಿಸಿಕೊಂಡು ಮನೆಯಲ್ಲೇ ಉಳಿಯುವ ಒತ್ತಡವೂ ಉದ್ದವಾಗುತ್ತದೆ. ಇದಕ್ಕೆ ನಿಯಮದಲ್ಲಿ ಒಂದು ಬಾಗಿಲಿದೆ. ಬ್ರಿಟಿಷ್ ಪೌರರ ಅಥವಾ ಕಾಯಂ ನಿವಾಸಿಗಳ ಸಂಗಾತಿ ಕೌಟುಂಬಿಕ ಹಿಂಸೆಯಿಂದ ಬೇರೆಯಾದರೆ ಐದು ವರ್ಷ ಕಾಯದೆ ನೇರವಾಗಿ ಐಎಲ್‌ಆರ್ ಕೇಳಬಹುದು. ಅರ್ಜಿ ಹಾಕುವವರೆಗಿನ ನಿರ್ವಹಣೆಗೆ, 2012ರಿಂದ ಮೂರು ತಿಂಗಳ ಮಟ್ಟಿಗೆ ಭತ್ಯೆ ಪಡೆಯುವ ಸೌಲಭ್ಯವೂ ಇದೆ. ಊರಿಗೆಂದು ಭಾರತಕ್ಕೆ ಕರೆತಂದು, ಪಾಸ್‌ಪೋರ್ಟ್ ಕಿತ್ತುಕೊಂಡು ಬಿಟ್ಟುಹೋದ ಪ್ರಕರಣಗಳಲ್ಲಿ, 2024ರ ಜನವರಿಯಿಂದ ಹೊರದೇಶದಿಂದಲೇ ಅರ್ಜಿ ಹಾಕುವ ಹಕ್ಕು ಸೇರಿತು.

ಡಿಪೆಂಡೆಂಟ್ ಸಂಗಾತಿಗೆ ಇದರ ಅರ್ಧವಷ್ಟೇ ದಕ್ಕಿದೆ. 2024ರ ಫೆಬ್ರವರಿಯಿಂದ ಅವರಿಗೂ ಮೂರು ತಿಂಗಳ ತಾತ್ಕಾಲಿಕ ಆಸರೆ ಸಿಕ್ಕಿತು. ಆದರೆ ಆ ಮೂರು ತಿಂಗಳ ಕೊನೆಯಲ್ಲಿ ಕಾಯಂ ವಾಸದ ಬಾಗಿಲಿಲ್ಲ. ಬೇರೆ ವೀಸಾಕ್ಕೆ ಅರ್ಹತೆ ಇಲ್ಲದಿದ್ದರೆ ದೇಶ ಬಿಡುವುದೇ ಉಳಿಯುತ್ತದೆ.

2025ರ ಪ್ರಸ್ತಾಪ

2025ರ ಮೇ 12ರಂದು ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಶ್ವೇತಪತ್ರ, ಕೆಲಸದ ದಾರಿಯಲ್ಲಿ ಐದು ವರ್ಷದ ಅವಧಿಯನ್ನು ಹತ್ತಕ್ಕೆ ಏರಿಸುವ ಯೋಚನೆಯನ್ನು ಮುಂದಿಟ್ಟಿತು. ನವೆಂಬರ್ 20ರಂದು ಗೃಹ ಸಚಿವೆ ಶಬಾನಾ ಮಹಮೂದ್ ಅದರ ವಿವರ ಕೊಟ್ಟು, 2026ರ ಫೆಬ್ರವರಿ 12ರವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಪ್ರಸ್ತಾಪದಂತೆ ಸಾಮಾನ್ಯ ಅವಧಿ ಹತ್ತು ವರ್ಷ. ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸದವರಿಗೆ ಹದಿನೈದು. ವರ್ಷಕ್ಕೆ 50,270 ಪೌಂಡ್ ದುಡಿಯುವವರಿಗೆ ಐದು. 1,25,140 ಪೌಂಡ್ ದುಡಿಯುವವರಿಗೆ ಮೂರು. ಇಂಗ್ಲಿಷ್ ಬಿ1ರ ಬದಲು ಬಿ2. ಕೆಲವು ವರ್ಷವಾದರೂ 12,570 ಪೌಂಡಿಗಿಂತ ಹೆಚ್ಚು ದುಡಿದಿರಬೇಕು. ಬ್ರಿಟಿಷ್ ಪೌರರ ಸಂಗಾತಿಗೆ ಮಾತ್ರ ಐದು ವರ್ಷವೇ ಉಳಿಯುತ್ತದೆ.

ಡಿಪೆಂಡೆಂಟ್ ಸಂಗಾತಿಯ ಪಾಲಿಗೆ ಇದರ ಮುಖ್ಯ ಅಂಶ ಬೇರೆಯೇ. ಅವರ ಅವಧಿಯನ್ನು ಅವರವರ ಯೋಗ್ಯತೆಯ ಮೇಲೆ ಪ್ರತ್ಯೇಕವಾಗಿ ಅಳೆಯಬೇಕೆಂಬುದು ಪ್ರಸ್ತಾಪ. 60,000 ಪೌಂಡ್ ದುಡಿಯುವ ಎಂಜಿನಿಯರ್ ಐದು ವರ್ಷಕ್ಕೆ ಕಾಯಂ ಆದರೆ, ಎರಡು ಮಕ್ಕಳನ್ನು ಸಾಕುತ್ತ ಮನೆಯಲ್ಲಿರುವ ಹೆಂಡತಿಗೆ ಹತ್ತು ವರ್ಷ; ಕನಿಷ್ಠ ದುಡಿಮೆಯ ಷರತ್ತಿಗೆ ವಿನಾಯಿತಿ ಸಿಗದಿದ್ದರೆ ಹತ್ತು ವರ್ಷದ ಮೇಲೂ ಪ್ರಶ್ನೆಯೇ. ಮನೆಗೆಲಸಕ್ಕೂ ಮಕ್ಕಳ ಪಾಲನೆಗೂ ಸಂಬಳದ ಚೀಟಿ ಇರುವುದಿಲ್ಲ. ಆಗಲೇ ಬ್ರಿಟನ್ನಿನಲ್ಲಿದ್ದು ಇನ್ನೂ ಕಾಯಂ ಆಗದವರಿಗೂ ಇದನ್ನು ಅನ್ವಯಿಸುವುದು ಆಗ ಸರ್ಕಾರದ ಇಂಗಿತವಾಗಿತ್ತು. ಹಳಬರಿಗೆ ರಿಯಾಯಿತಿ ಇರಬೇಕೇ ಎಂಬುದು ಅಭಿಪ್ರಾಯ ಕೇಳಿದ ಪ್ರಶ್ನೆಗಳಲ್ಲಿ ಒಂದು.

ಮೂರು ತಾರೀಖು

ಹೀಗೆ, ವಲಸಿಗರ ಸಂಗಾತಿಯ ಕಾಯಂ ವಾಸ ಮೂರು ತಾರೀಖುಗಳ ಮೇಲೆ ನಿಂತಿದೆ. ಈಗಿನ ದಾರಿಯಲ್ಲಿ ಮೊದಲ ವೀಸಾ ಸಿಕ್ಕ ದಿನ ಒಂದು. ಹಳಬರೋ ಹೊಸಬರೋ ಎಂಬುದನ್ನು ಅದು ತೀರ್ಮಾನಿಸುತ್ತದೆ. ಮೂಲ ವೀಸಾದವರು ಕಾಯಂ ಆಗುವ ದಿನ ಎರಡನೆಯದು. ಡಿಪೆಂಡೆಂಟ್ ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಅರ್ಜಿಯ ಮೇಲೆ ತೀರ್ಮಾನವಾಗುವ ದಿನ ಮೂರನೆಯದು. ಅಂದು ಯಾವ ನಿಯಮ ಇರುತ್ತದೋ ಅದೇ ನಿಯಮ. ಮೊದಲನೆಯದು ವೀಸಾದಲ್ಲೇ ದಾಖಲಾಗಿರುತ್ತದೆ, ಎರಡನೆಯದನ್ನು ಲೆಕ್ಕ ಹಾಕಿ ಹೇಳಬಹುದು. ಮೂರನೆಯದು ಸರ್ಕಾರದ ಕೈಯಲ್ಲಿದೆ. ಐದು ವರ್ಷ ತುಂಬಲು 28 ದಿನ ಇರುವಾಗಲೇ ಅರ್ಜಿ ಹಾಕಲು ನಿಯಮ ಬಿಡುತ್ತದೆ. ಹೊಸ ಬದಲಾವಣೆಯ ಸುದ್ದಿ ಬಂದಾಗಲೆಲ್ಲ ದಂಪತಿಗಳು ಕ್ಯಾಲೆಂಡರಿನಲ್ಲಿ ಹುಡುಕುವುದು ಆ ದಿನವನ್ನು.